ಬೆನ್ನುಹುರಿ ನೊಂದವನ ಸಾಕ್ಷ್ಯ

ಇಳಕಲ್ಲಿನ ಕುಣಿಮಗ್ಗದಲ್ಲಿ ಕುಳಿತ ನೇಕಾರನಿಗೆ ಕೈಯಷ್ಟೇ ಕಾಲೂ ಬೇಕು. ಕಾಲು ತುಳಿಯದೆ ಹಾಸಿನ ಎಳೆಗಳು ಬಾಯ್ದೆರೆಯವು. ಅವು ಬಾಯ್ದೆರೆಯದೆ ಲಾಳಿ ಓಡದು. ಇಂಥವನೊಬ್ಬನು ಮಾಳಿಗೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡನೆಂದು ವಾಚಕರು ಭಾವಿಸಲಿ. ಕಾಲುಗಳಿದ್ದೂ ಅವನ ಪಾಲಿಗೆ ಅವು ಇಲ್ಲ. ಇರುವೆ ಕಚ್ಚಿದರೂ ಅರಿವಾಗದು. ಮಲಮೂತ್ರಗಳೂ ಅವನ ಅಧೀನದಲ್ಲಿ ಉಳಿಯವು. ಹುನಗುಂದದ ಒಕ್ಕಲಿಗನು ಗಿಡದಿಂದ ಬಿದ್ದರೂ, ಗಣಿಯ ಕೂಲಿಯವನ ಮೇಲೆ ಕಲ್ಲು ಜಾರಿದರೂ ಇದೇ ಗತಿ ಒದಗಬಹುದು.

ಪ್ರಾಚೀನರು ಈ ಲಕ್ಷಣವನ್ನು ಅರಿಯದವರಲ್ಲ. ಸುಶ್ರುತನು ಎಣಿಸಿದ 107 ಮರ್ಮಗಳಲ್ಲಿ ಸೊಂಟದ ಹಿಂಬದಿಯ ಕುಕುಂದರವೂ ಸೇರಿದೆ. ಅದಕ್ಕೆ ಏಟು ಬಿದ್ದರೆ ಕೆಳಶರೀರದ ಸ್ಪರ್ಶಜ್ಞಾನವೂ ಚಲನೆಯೂ ಕೆಡುವವೆಂದು ಅವನ ಮತ. ಆದರೆ ಹೀಗೆ ನೊಂದವನು ಬಾಳುವ ಬಗೆಯನ್ನು ಕಂಡುಕೊಳ್ಳಲು ಬಹುಕಾಲ ಹಿಡಿಯಿತು. 1944ರಿಂದ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗಟ್‌ಮನ್ನರು ಎರಡೆರಡು ತಾಸಿಗೊಮ್ಮೆ ರೋಗಿಯ ಮಗ್ಗುಲು ಬದಲಿಸಿ ಹಾಸಿಗೆಹುಣ್ಣನ್ನು ತಡೆದರು. ಸಾಯುವವರೆಂದು ಎಣಿಸಲ್ಪಟ್ಟವರು ಬದುಕಿದರು. ವೆಲ್ಲೂರಿನ ಡಾ. ಮೇರಿ ವರ್ಗೀಸರು 1954ರ ಅಪಘಾತದಲ್ಲಿ ಕಾಲುಗಳ ಶಕ್ತಿ ಕಳೆದುಕೊಂಡ ಮೇಲೂ ಗಾಲಿಕುರ್ಚಿಯಲ್ಲಿ ಕುಳಿತು ಶಸ್ತ್ರಚಿಕಿತ್ಸೆ ನಡೆಯಿಸಿದರು. ಅನಂತರ ಅಲ್ಲಿಯ ಪುನರ್ವಸತಿ ಕಾರ್ಯಕ್ಕೆ ತಾವೇ ಮುಂದಾಳಾದರು. ವ್ಯಾಧಿಯನ್ನು ಅನುಭವಿಸಿದವರೇ ಅದರ ವಿದ್ಯೆಯನ್ನು ಬೆಳೆಸಬಲ್ಲರೆಂಬುದಕ್ಕೆ ಬೇರೆ ಪ್ರಮಾಣವೇಕೆ?

ನೋಡುವವರ ಊಹೆಗೂ ನೊಂದವರ ಬಯಕೆಗೂ ಅಂತರವುಂಟು. 2004ರಲ್ಲಿ ಅಮೇರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಇಂಥ 681 ಜನರನ್ನು ಕೇಳಲಾಯಿತು. ಕೈಗಳೂ ಸೋತವರಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಮೊದಲು ಬೇಡಿದ್ದು ಕೈಯ ಶಕ್ತಿಯನ್ನು. ಕಾಲು ಮಾತ್ರ ಸೋತವರು ಮೊದಲು ಹೇಳಿದ್ದು ದಾಂಪತ್ಯಸುಖವನ್ನು. ಮಲಮೂತ್ರಗಳ ಹತೋಟಿಯು ಇಬ್ಬರಿಗೂ ಮುಖ್ಯವಾಗಿತ್ತು. ನಡೆಯುವದೊಂದೇ ಅವರ ಬಯಕೆಯೆಂಬ ಎಣಿಕೆ ಹುಸಿಯಾಯಿತು. ಕೇಳದೆ ಇದನ್ನು ಯಾರು ತಿಳಿಯುತ್ತಿದ್ದರು?

ಹಾಗೆಯೇ ಮಳೆಗಾಲದ ಎರೆಮಣ್ಣಿನಲ್ಲಿ ಗಾಲಿಕುರ್ಚಿ ಹೂಳುವದನ್ನೂ, ಎತ್ತರದ ಹೊಸ್ತಿಲು ಅದನ್ನು ತಡೆಯುವದನ್ನೂ, ಕುಕ್ಕರಗಾಲಿನಲ್ಲಿ ಕೂಡ್ರುವ ಪಾಯಿಖಾನೆಯ ಸಂಕಟವನ್ನೂ ಪರದೇಶದ ಗ್ರಂಥವು ಹೇಳಲಾರದು; ಬಾದಾಮಿ ಸೀಮೆಯ ಹಳ್ಳಿಯವನೇ ಹೇಳಬೇಕು. ಬಾಗಲಕೋಟೆಯ ವೈದ್ಯಕೀಯ ಮಹಾವಿದ್ಯಾಲಯದಿಂದಾಗಲಿ ಬೆಂಗಳೂರಿನ ನಿಮ್ಹಾನ್ಸ್‌ನ ನರಪುನರ್ವಸತಿ ವಿಭಾಗದಿಂದಾಗಲಿ ಯಾರಾದರೂ ಕೇಳಬಂದರೆ ಅವನ ಉತ್ತರವು ದೂರಲ್ಲ, ಶಾಸ್ತ್ರಕ್ಕೆ ಸಾಮಗ್ರಿ.

ಆದರೆ ಒಪ್ಪಿಗೆಯು ಅವನದೇ ಆಗಿರಬೇಕು. ಮನೆಯ ಯಜಮಾನನು ಹೂಂ ಎಂದರೆ ಎಲ್ಲರೂ ಹೂಂ ಎಂದಂತೆ ಎಂಬ ರೂಢಿಯು ಇಲ್ಲಿ ಸಲ್ಲದು. ಸ್ವಇಚ್ಛೆಯ ಒಪ್ಪಿಗೆಯೇ ಪ್ರಥಮ ನಿಯಮವೆಂದು 1947ರಲ್ಲಿ ನ್ಯೂರೆಂಬರ್ಗಿನಲ್ಲಿ ಘೋಷಿತವಾಯಿತು. ಔಷಧಪ್ರಯೋಗದಿಂದ ಹಾನಿಯಾದವರಿಗೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಲ್ಲಬೇಕೆಂದು ಭಾರತ ಸರಕಾರದ 2019ರ ನಿಯಮಗಳು ವಿಧಿಸಿವೆ. ಹೊಲ ಮಾರಿ ಹಣ ತಂದರೆ ಸ್ಟೆಮ್ ಸೆಲ್ ಚುಚ್ಚಿ ನಡೆಯಿಸುವೆನೆನ್ನುವವನು ಸಂಶೋಧಕನಲ್ಲ. ಅಂಗೀಕೃತ ಪ್ರಯೋಗದ ಹೊರಗೆ ಬೆನ್ನುಹುರಿಗೆ ಆ ಚಿಕಿತ್ಸೆ ಕೊಡಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯಿದೆ. ಪ್ರಾಮಾಣಿಕ ಸಂಶೋಧಕನು ಫಲವು ಅನಿಶ್ಚಿತವೆಂದು ಮೊದಲೇ ಹೇಳುವನು.

ಆ ಫಲವು ಉತ್ತರ ಕೊಟ್ಟವನಿಗೆ ದೊರೆಯದೆಯೂ ಹೋಗಬಹುದು. ನಾಳೆ ಬೀಳುವ ಅಪರಿಚಿತನೊಬ್ಬನಿಗೆ ದೊರೆತೀತು. ಇದನ್ನು ತಿಳಿದೂ ಒಪ್ಪುವವನದು ದಾನ. ದಾನವಾದುದರಿಂದಲೇ ಅದನ್ನು ಬಲಾತ್ಕಾರದಿಂದ ಪಡೆಯಲಾಗದು. ಒಲ್ಲೆನೆಂದವನ ಚಿಕಿತ್ಸೆಗೂ ಮರ್ಯಾದೆಗೂ ಕೂದಲೆಳೆಯಷ್ಟೂ ಕುಂದು ಬರಬಾರದು.