ಯಾವ ಆಟ ಅಂತ ಹೇಳಬಾರದೇ?

ಲ್ಯಾಪ್‌ಟಾಪ್ ಅಂಗಡಿಗಳಲ್ಲಿ ದಿನಕ್ಕೆ ನೂರು ಸಲ ಕೇಳಿಬರುವ ಮಾತು ಒಂದಿದೆ: 'ಓಡುತ್ತೆ ಸಾರ್.' ವಿಂಡೋಸ್ ಓಡುತ್ತೆ, ಸಿನಿಮಾ ಓಡುತ್ತೆ, ಮಗನ ಪ್ರಾಜೆಕ್ಟ್ ಓಡುತ್ತೆ. ಗೇಮು? ಅದೂ ಓಡುತ್ತೆ. ಓಡುವುದು, ನಡೆಯುವುದು, ಕುಂಟುವುದು, ತೆವಳುವುದು ಎಂದು ಕನ್ನಡದಲ್ಲಿ ಬೇರೆಬೇರೆ ಮಾತುಗಳೇನೋ ಇವೆ. ಕೌಂಟರಿನ ಹಿಂದೆ ನಿಂತವರಿಗೆ ಮಾತ್ರ ಎಲ್ಲವೂ ಒಂದೇ.

2024ರಲ್ಲಿ ಅಕ್ಕನ ಮಗನಿಗೆ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಭಾವ ತಿಪಟೂರಿನ ಹತ್ತಿರ ತೆಂಗಿನ ತೋಟ ಇಟ್ಟುಕೊಂಡವರು. ಯಾವ ಖರ್ಚು ಬಂದರೂ ಮೊದಲು ಅದು ಎಷ್ಟು ಮೂಟೆ ಕೊಬ್ಬರಿ ಎಂದು ಲೆಕ್ಕ ಹಾಕುತ್ತಾರೆ. ಲ್ಯಾಪ್‌ಟಾಪಿಗೆಂದು 40,000 ರೂಪಾಯಿ ತೆಗೆದಿಟ್ಟಿದ್ದರು. ಹುಡುಗ 75,000ದ ಯಂತ್ರವೊಂದನ್ನು ತೋರಿಸಿದ್ದ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವಂಥದು. ಭಾವ ನನಗೆ ಫೋನು ಮಾಡಿದರು. "ಎಂಜಿನಿಯರಿಂಗಿಗೆ ಬೇಕೇ ಬೇಕಂತೆ. ಉಳಿದದ್ದಕ್ಕೆ ಸೊಸೈಟಿಯಲ್ಲಿ ಸಾಲ ತೆಗೀಬೇಕು. ಮಕ್ಕಳಿಗೆ ಪಾಠ ಹೇಳೋನು ನೀನು, ನೀನೇ ಹೇಳಪ್ಪ."

ಮೊದಲ ವರ್ಷದ ಸಿ, ಪೈಥಾನ್ ಪ್ರೋಗ್ರಾಮುಗಳಿಗೆ ಆ ಕಾರ್ಡು ಬೇಕಿಲ್ಲ. ಮುಂದೆ ಮೂರು ಆಯಾಮದ ಭಾರೀ ವಿನ್ಯಾಸ ಮಾಡುವ ಮೆಕ್ಯಾನಿಕಲ್, ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಮಾತು ಬೇರೆ. ಹುಡುಗನನ್ನು ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿದೆ: "ಯಾವ ಆಟ?" ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ ಬೀಡಿ ಸೇದಿ ಸಿಕ್ಕಿಬಿದ್ದವನ ದನಿಯಲ್ಲಿ, "ವ್ಯಾಲರೆಂಟ್, ಮಾವ. ಮೈನ್‌ಕ್ರಾಫ್ಟು. ಆಮೇಲೆ ಜಿಟಿಎ ಫೈವ್. ಅಪ್ಪನಿಗೆ ಹೇಳಬೇಡಿ" ಎಂದ.

ಹೆಸರು ಗೊತ್ತಾದ ಮೇಲೆ ಉಳಿದದ್ದು ಬರೀ ಲೆಕ್ಕ. ಪ್ರತಿ ಆಟದ ತಯಾರಕರೂ ಅದಕ್ಕೆ ಕನಿಷ್ಠ ಎಂಥ ಯಂತ್ರ ಬೇಕೆಂದು ಪ್ರಕಟಿಸಿರುತ್ತಾರೆ. 2020ರಲ್ಲಿ ಬಂದ ವ್ಯಾಲರೆಂಟ್ ಕೇಳುವುದು 4 ಜಿಬಿ ರ‍್ಯಾಮ್ ಮತ್ತು 2012ರ ಕಾಲದ ಇಂಟೆಲ್ ಗ್ರಾಫಿಕ್ಸ್. ಹಳೆಯ ಯಂತ್ರಗಳಿಗೂ ಎಟುಕಲಿ ಎಂದೇ ಮಾಡಿದ ಆಟ ಅದು. ಜಿಟಿಎ ಫೈವ್ ಕಂಪ್ಯೂಟರಿಗೆ ಬಂದದ್ದು 2015ರಲ್ಲಿ. ಅದಕ್ಕೂ ಕನಿಷ್ಠ 4 ಜಿಬಿ ರ‍್ಯಾಮ್ ಸಾಕು, ಆದರೆ ಡಿಸ್ಕಿನಲ್ಲಿ 60 ಜಿಬಿಗೂ ಹೆಚ್ಚು ಜಾಗ ನುಂಗುತ್ತದೆ. 64 ಜಿಬಿ ಸಂಗ್ರಹದ ತೀರಾ ಅಗ್ಗದ ಯಂತ್ರ ಕೊಂಡವರ ಕಥೆ ಅಲ್ಲಿಗೇ ಮುಗಿಯಿತು. ಹುಡುಗ 2020ರ ಸೈಬರ್‌ಪಂಕ್ 2077 ಎಂದಿದ್ದರೆ ನಾನು ಕೈ ಚೆಲ್ಲುತ್ತಿದ್ದೆ. 2023ರಲ್ಲಿ ಪರಿಷ್ಕರಿಸಿದ ಪಟ್ಟಿಯಂತೆ ಅದಕ್ಕೆ 12 ಜಿಬಿ ರ‍್ಯಾಮು, ಗ್ರಾಫಿಕ್ಸಿಗೆಂದೇ ಪ್ರತ್ಯೇಕ 6 ಜಿಬಿ ಬೇಕು. ನಲವತ್ತು ಸಾವಿರದ ಯಂತ್ರದಲ್ಲಿ ಅದು ತೆವಳುವುದೂ ಇಲ್ಲ.

ಇಲ್ಲಿ 'ಕನಿಷ್ಠ' ಎಂಬ ಪದವನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ವ್ಯಾಲರೆಂಟಿನವರ ಕನಿಷ್ಠ ಎಂದರೆ ಸೆಕೆಂಡಿಗೆ 30 ಚಿತ್ರ. ಸಿನಿಮಾಕ್ಕೆ 24 ಸಾಕಲ್ಲ ಎನ್ನಬಹುದು. ಸಿನಿಮಾದಲ್ಲಿ ನಾವು ಸುಮ್ಮನೆ ಕೂತು ನೋಡುತ್ತೇವೆ. ಆಟದಲ್ಲಿ ಗುಂಡಿ ಒತ್ತಿದ್ದಕ್ಕೆ ಪರದೆ ಉತ್ತರ ಕೊಡಬೇಕು. 60 ಚಿತ್ರವಾದರೆ ಕೈಗೆ ಹಿತ, 30ಕ್ಕಿಂತ ಕೆಳಗಿಳಿದರೆ ಆಡುವವನಿಗೆ ಕೋಪ. ಪೂರ್ಣ ಎಚ್‌ಡಿ ಪರದೆಯಲ್ಲಿ 1920ಕ್ಕೆ 1080, ಅಂದರೆ 20,73,600 ಚುಕ್ಕೆಗಳು. ಸೆಕೆಂಡಿಗೆ 60 ಸಲ ಬಣ್ಣ ಬಳಿದರೆ ಹನ್ನೆರಡು ಕೋಟಿಗೂ ಮೇಲಾಯಿತು. ಆಟದ ಸೆಟ್ಟಿಂಗಿನಲ್ಲಿ ಇದನ್ನು 1280ಕ್ಕೆ 720 ಎಂದು ಇಳಿಸಿ ನೋಡಿ. ಚುಕ್ಕೆಗಳು 9,21,600ಕ್ಕೆ ಬರುತ್ತವೆ, ಕೆಲಸ ಅರ್ಧಕ್ಕಿಂತ ಕಡಿಮೆ. ಚಿತ್ರ ಕೊಂಚ ಮಸುಕಾಗುತ್ತದೆ, ಆಟ ಹಗುರಾಗುತ್ತದೆ. ನೆರಳು, ನೀರಿನ ಮಿನುಗು ಇವನ್ನೂ ಕಡಿಮೆ ಮಾಡಿದರೆ ಬಡ ಲ್ಯಾಪ್‌ಟಾಪಿಗೆ ಅರ್ಧ ಹೊರೆ ಇಳಿದಂತೆ.

ಅಂಗಡಿಯಲ್ಲಿ ನಲವತ್ತು ಸಾವಿರದೊಳಗಿನ ಎರಡು ಯಂತ್ರಗಳನ್ನು ಮುಂದಿಟ್ಟರು. ಒಂದರ ಮೇಲೆ ರೈಜನ್ 5 7520ಯು, ಇನ್ನೊಂದರ ಮೇಲೆ ರೈಜನ್ 5 5500ಯು. ಭಾವ ಏಳು ಸಾವಿರದ್ದೇ ಇರಲಿ ಎಂದರು. ತೆಂಗಿನಕಾಯಿಯ ಲೆಕ್ಕದಲ್ಲಿ ಅದು ಸರಿಯೇ. ಆದರೆ ಈ ನಂಬರುಗಳು ಹಾಗಲ್ಲ. 2022ರಲ್ಲಿ ಎಎಂಡಿ ಕಂಪನಿಯೇ ಬಿಡಿಸಿ ಹೇಳಿದೆ: ಮೊದಲ ಅಂಕಿ ಯಾವ ವರ್ಷದ ಸರಕು ಎಂಬುದಕ್ಕೆ, ಮೂರನೆಯ ಅಂಕಿ ಒಳಗಿನ ತಿರುಳು ಯಾವ ತಲೆಮಾರಿನದು ಎಂಬುದಕ್ಕೆ. 7520ರಲ್ಲಿ ಮೂರನೆಯದು 2. ಅಂದರೆ 2019ರಲ್ಲಿ ಬಂದ ಝೆನ್ 2. ಹಳೆಯ 5500ಯುನಲ್ಲಿ ಇರುವುದೂ ಅದೇ ತಿರುಳು. ವ್ಯತ್ಯಾಸವೆಂದರೆ ಹಳೆಯದಕ್ಕೆ 6 ಕೋರ್, ಹೊಸದಕ್ಕೆ 4. ಗ್ರಾಫಿಕ್ಸ್ ಘಟಕಗಳು ಹಳೆಯದರಲ್ಲಿ 7, ಹೊಸದರಲ್ಲಿ 2. ಘಟಕಗಳ ತಳಿ ಬೇರೆ ಎನ್ನುವುದು ನಿಜ, ಆದರೂ ಆಟಕ್ಕೆ ಕೂತರೆ ಹಳೆಯದೇ ಮುಂದೆ.

ಇನ್ನೊಂದು ಸಂಗತಿಯೂ ಇತ್ತು. ಅಗ್ಗದ ಯಂತ್ರಗಳಲ್ಲಿ ಗ್ರಾಫಿಕ್ಸಿಗೆ ಸ್ವಂತ ಮನೆಯಿಲ್ಲ. 8 ಜಿಬಿ ರ‍್ಯಾಮಿನಲ್ಲೇ ವಿಂಡೋಸ್ ಜತೆ ಪಾಲು. 7520ಯು ಇರುವ ಯಂತ್ರಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇವತ್ತಿನ 8 ಕೊನೆಯತನಕ 8. ನಮ್ಮೆದುರಿದ್ದ 5500ಯು ಯಂತ್ರದಲ್ಲಿ ಒಂದು ಖಾಲಿ ಸ್ಲಾಟು ಇತ್ತು. ನಾಳೆ ಇನ್ನೊಂದು 8 ಜಿಬಿ ತುಂಡು ಸೇರಿಸಿದರೆ ಜಾಗವಷ್ಟೇ ಹೆಚ್ಚುವುದಿಲ್ಲ, ಎರಡು ದಾರಿಯಲ್ಲಿ ಮಾಹಿತಿ ಹರಿದು ಆಟದ ವೇಗವೂ ಕಣ್ಣಿಗೆ ಕಾಣುವಷ್ಟು ಏರುತ್ತದೆ. "ಸ್ಲಾಟ್ ಇದೆಯಾ?" ಎಂದು ಕೇಳಿದಾಗ ಅಂಗಡಿಯ ಹುಡುಗ ಮೊದಲ ಸಲ ನನ್ನ ಮುಖ ನೋಡಿದ.

ಈ ಲೆಕ್ಕವನ್ನು ಭಾವನಿಗೆ ಹೇಳಬೇಕಾದರೆ ಆಟಗಳ ಹೆಸರು ಹೇಳಲೇಬೇಕಿತ್ತು. ನಾನು ಹೇಳಲಿಲ್ಲ, ಹುಡುಗನನ್ನೇ ಮುಂದೆ ತಳ್ಳಿದೆ. ಅವನು ಹೇಳಿದ. ಭಾವ ಅಂಗಡಿಯಲ್ಲೇ ಸ್ಟೂಲಿನ ಮೇಲೆ ಕೂತರು. "ಇದಕ್ಕೆ ನಲವತ್ತು ಸಾಕೇನೋ?" ಎಂದು ನನ್ನನ್ನು ಕೇಳಿದರು. ಸಾಕು ಎಂದೆ. "ಮೂವತ್ತೈದು ಸಾವಿರ ಸಾಲಕ್ಕೆ ಅರ್ಜಿ ಬರೆಸಿಟ್ಟಿದ್ದೆನಲ್ಲೋ. ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತು?" ಹುಡುಗ ಪಿಸುದನಿಯಲ್ಲಿ, "ಆಟ ಅಂದಿದ್ರೆ ನಲವತ್ತೂ ಕೊಡ್ತಿರಲಿಲ್ಲ" ಎಂದ. ಭಾವ ಅದಕ್ಕೆ ಉತ್ತರ ಕೊಡಲಿಲ್ಲ. ನನಗನಿಸುವಂತೆ ಇಬ್ಬರ ಮಾತೂ ನಿಜವೇ ಇತ್ತು. ಎರಡು ವರ್ಷ ಪಿಯುಸಿಯಲ್ಲಿ ಟ್ಯೂಶನ್ನು, ಕಾಲೇಜು ಬಿಟ್ಟರೆ ಬೇರೇನೂ ಕಾಣದ ಹುಡುಗನ ಬಾಯಲ್ಲಿ ಒಂದು ಆಟದ ಹೆಸರು ಬರುವುದು ಇಷ್ಟು ಕಷ್ಟವಾಗಬಾರದಿತ್ತು.

ಜಿಟಿಎ ಎಂದರೇನು ಎಂದು ಭಾವ ವಿಚಾರಿಸಿದರು. ಕಾರು ಕದಿಯುವ, ಗುಂಡು ಹಾರಿಸುವ ಆಟ ಎಂದೆ. ಯುರೋಪಿನ ವರ್ಗೀಕರಣದಲ್ಲಿ ಅದು 18 ತುಂಬಿದವರಿಗೆ ಎಂಬುದನ್ನೂ ಮುಚ್ಚಿಡಲಿಲ್ಲ. ಹುಡುಗನಿಗೆ ಜನವರಿಗೆ ತುಂಬುತ್ತಿತ್ತು. ಹಾಗಾದರೆ ಜನವರಿಗೆ ನೋಡೋಣ ಎಂದರು ಭಾವ.

ವ್ಯಾಲರೆಂಟ್ ಬಿಟ್ಟಿ ಆಟ, ಆದರೆ ಒಳಗೆ ಬಂದೂಕಿಗೆ ಬಣ್ಣಬಣ್ಣದ ಅಲಂಕಾರ ಮಾರುತ್ತಾರೆ. ಫೋನಿನ ಪಿನ್ನು ಅಪ್ಪಂದಿರ ಹತ್ತಿರವೇ ಇರಲಿ. ದುಡ್ಡು ಕೊಟ್ಟು ಕೊಳ್ಳುವ ಆಟವಾದರೆ ಸ್ಟೀಮ್ ಮಳಿಗೆಯಲ್ಲಿ ಒಂದು ಅನುಕೂಲವಿದೆ. ಕೊಂಡ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ, ಕೇಳಿದವರಿಗೆ ಹಣ ವಾಪಸು. ಆ ಹೊತ್ತಿನಲ್ಲಿ ಚಾರ್ಜರ್ ಸಿಕ್ಕಿಸಿ, ಹಾಸಿಗೆಯ ಮೇಲಲ್ಲದೆ ಮೇಜಿನ ಮೇಲಿಟ್ಟು, ಅರ್ಧ ಗಂಟೆಯಾದರೂ ಬಿಡದೆ ಆಡಿಸಿ ನೋಡಬೇಕು. ಮೊದಲ ಐದು ನಿಮಿಷ ಎಲ್ಲ ಯಂತ್ರಗಳೂ ಓಡುತ್ತವೆ. ಬಿಸಿಯೇರಿದ ಮೇಲೆ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಅರ್ಧ ಗಂಟೆಯ ನಂತರ ಪರದೆಯ ಮೂಲೆಯಲ್ಲಿ ಕಾಣುವ ಅಂಕಿಯನ್ನೇ ಬರೆದುಕೊಳ್ಳಿ.