ಹಗೇವಿನ ಬಾಯಿ

ನನ್ನ ತಮ್ಮನ ಮಗ 2020ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಇಳಕಲ್ಲಿಗೆ ಬಂದಿಳಿದಾಗ ಅವನ ಹೆಗಲಿಗೆ ಬಟ್ಟೆಯ ಚೀಲವಿತ್ತು, ಕೈಯಲ್ಲಿ ಒಂದು ರಟ್ಟಿನ ಡಬ್ಬಿಯಿತ್ತು. ಶಾಲೆಗಳು ಮುಚ್ಚಿದ್ದರಿಂದ ಬಾಗಲಕೋಟೆಯ ನವನಗರದ ಮನೆಗೆ ಬೀಗ ಹಾಕಿ ನಾನೂ ಆಗ ತವರಿನಲ್ಲೇ ಇದ್ದೆ. ಡಬ್ಬಿಯಲ್ಲಿ ಮಿಠಾಯಿ ಇರಬಹುದೆಂದು ನಮ್ಮವ್ವ ಕಾದು ಕೂತಳು. ಹೊರಬಂದದ್ದು ಯಾವುದೋ ಕಚೇರಿಯವರು ಬೇಡವೆಂದು ಮಾರಿದ ಹಳೆಯ ಕಂಪ್ಯೂಟರು. ಪರದೆಯಿಲ್ಲ, ಕೀಲಿಮಣೆಯಿಲ್ಲ, ರೊಟ್ಟಿ ಬುಟ್ಟಿಗಿಂತ ಸಣ್ಣದಾದ ಒಂದು ಕರಿ ಪೆಟ್ಟಿಗೆ.

“ಇದು ನಮ್ಮ ಮನಿ ಸರ್ವರ್, ಆಯಿ,” ಎಂದ ಹುಡುಗ.

“ರೇಶನ್ ಅಂಗಡ್ಯಾಗ ‘ಸರ್ವರ್ ಬಿದ್ದೈತಿ, ನಾಳೆ ಬಾ’ ಅಂತಾರಲ್ಲ, ಅದನ್ನ ಮನಿಗೇ ತಂದ್ಯೇನಪಾ?” ಎಂದಳು ಅವ್ವ.

ನಾವೆಲ್ಲ ನಕ್ಕೆವು. ಆದರೆ ನನಗೂ ಅದಕ್ಕಿಂತ ಹೆಚ್ಚೇನೂ ತಿಳಿದಿರಲಿಲ್ಲ. ಬಿ.ಎ., ಬಿ.ಎಡ್. ಮಾಡಿಕೊಂಡು ಇಷ್ಟು ವರ್ಷ ಸಮಾಜ ವಿಜ್ಞಾನ ಕಲಿಸಿದವಳಿಗೆ ಯಂತ್ರದ ಹೊಟ್ಟೆಯೊಳಗಿನ ಸಂಗತಿ ಹೇಗೆ ತಿಳಿಯಬೇಕು? ಹುಡುಗನೇ ಬಿಡಿಸಿ ಹೇಳಿದ. ಸರ್ವರ್ ಎಂದರೆ ಇನ್ನೊಂದು ಯಂತ್ರ ಕೇಳಿದ್ದನ್ನು ಎತ್ತಿಕೊಡುವ ಯಂತ್ರ, ಅಷ್ಟೆ. ನಾವು ಫೋನಿನಲ್ಲಿ ತೆಗೆದ ಫೋಟೋ, ಬರೆದ ಪತ್ರ, ಉಳಿಸಿಕೊಂಡ ವಿಳಾಸ ಎಲ್ಲವೂ ಯಾವುದೋ ಊರಿನ ಯಾವುದೋ ಕಂಪನಿಯ ಕಟ್ಟಡದಲ್ಲಿರುವ ಇಂಥ ಸಾವಿರಾರು ಯಂತ್ರಗಳಲ್ಲಿ ಹೋಗಿ ಕೂಡುತ್ತವೆ. ಅದರ ಬದಲು ನಮ್ಮದನ್ನು ನಮ್ಮ ಮನೆಯ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳುವುದು ಅವನ ಹವ್ಯಾಸ. ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಬರೆಯತೊಡಗಿದ ಲಿನಕ್ಸ್ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಕಾಸು ಕೊಡದೆ ಬಳಸಬಹುದಂತೆ. ಅದನ್ನು ಹಾಕಿ, ಅದರ ಮೇಲೆ ನೆಕ್ಸ್ಟ್‌ಕ್ಲೌಡ್ ಎಂಬ ಇನ್ನೊಂದನ್ನು ಕೂಡಿಸಿದ. ಮನೆಮಂದಿಯ ಫೋನುಗಳಲ್ಲಿ ತೆಗೆದ ಫೋಟೋಗಳೆಲ್ಲ ಸಂಜೆ ಹಟ್ಟಿಗೆ ಮರಳುವ ದನಗಳ ಹಾಗೆ ತಾವಾಗಿಯೇ ಆ ಪೆಟ್ಟಿಗೆಗೆ ಬಂದು ಸೇರತೊಡಗಿದವು.

ಪೆಟ್ಟಿಗೆಗೆ ಜಾಗ ಹುಡುಕುವುದೇ ಒಂದು ಪ್ರಕರಣವಾಯಿತು. ನಮ್ಮದು ನೇಕಾರರ ಮನೆ. ಕುಣಿಮಗ್ಗದ ಕೋಣೆ ಬೇಸಿಗೆಯಲ್ಲೂ ತಂಪಾಗಿರುತ್ತದೆ, ಯಂತ್ರಕ್ಕೂ ತಂಪೇ ಬೇಕು ಎಂದು ಹುಡುಗ ಅದನ್ನು ಅಲ್ಲಿಟ್ಟ. ಹನ್ನೊಂದನೆಯ ದಿನ ಅದು ಸುಮ್ಮನಾಯಿತು. ಬಿಚ್ಚಿ ನೋಡಿದರೆ ಒಳಗಿನ ಪುಟ್ಟ ಫ್ಯಾನಿಗೆ ನೂಲಿನ ಧೂಳು ಸುತ್ತಿಕೊಂಡು ಗುಬ್ಬಿಯ ಗೂಡಿನಂತಾಗಿತ್ತು. “ನಲವತ್ತು ವರ್ಷದಿಂದ ನನ್ನ ಎದಿಯಾಗೂ ಹಿಂಗ ಕುಂತೈತಿ. ನನ್ನ ಯಾರೂ ಬಿಚ್ಚಿ ನೋಡಿಲ್ಲ,” ಎಂದ ನನ್ನ ತಮ್ಮ, ಲಾಳಿ ಎಳೆಯುತ್ತಲೇ. ಕೊನೆಗೆ ಪೆಟ್ಟಿಗೆ ಪಡಸಾಲೆಯ ಗೋಡೆಯ ಮಾಡದಲ್ಲಿ ನೆಲೆ ನಿಂತಿತು. ಕರೆಂಟು ಹೋದರೆ ತಡೆಯಲೆಂದು ಬ್ಯಾಟರಿ ಬಂತು. ಆ ವರ್ಷ ಮಹಾನವಮಿಯ ದಿನ ಮಗ್ಗಕ್ಕೆ ಪೂಜೆಯಾದ ಮೇಲೆ ಅವ್ವ ಅದರ ನೆತ್ತಿಗೂ ಎರಡು ಹೂ ಏರಿಸಿದಳು.

ಇಂಟರ್ನೆಟ್ಟಿನದು ಬೇರೆಯೇ ಕಥೆ. ನಮ್ಮ ದೇಶದ ಜನಸಾಮಾನ್ಯರಿಗೆ ಅದು ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅದೂ ಕೆಲವೇ ದೊಡ್ಡ ಪಟ್ಟಣಗಳಲ್ಲಿ. ಬಾಗಲಕೋಟೆ ಇನ್ನೂ ವಿಜಾಪುರ ಜಿಲ್ಲೆಯೊಳಗೇ ಇದ್ದ ಕಾಲವದು; ನಾವು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆಗ ನಾನು ತವರಿಗೆ ಫೋನು ಮಾಡಬೇಕಾದರೆ ರಾತ್ರಿ ದರ ಇಳಿಯುವವರೆಗೆ ಎಸ್‌ಟಿಡಿ ಬೂತಿನ ಮುಂದೆ ನಿಲ್ಲುತ್ತಿದ್ದೆ. ಈಗ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯೊಂದು ನಮ್ಮ ಪಡಸಾಲೆಗೇ ಬಂದಿದೆ. ಆದರೆ ಎಳೆ ಬಂದರೂ ವಿಳಾಸ ಬರಲಿಲ್ಲವೆಂದು ಹುಡುಗ ತಲೆ ಕೆರೆದುಕೊಂಡ. ಹಳೆಯ ಪದ್ಧತಿಯಲ್ಲಿ ಇಡೀ ಜಗತ್ತಿಗೆ ಇರುವುದು ಸುಮಾರು 430 ಕೋಟಿ ವಿಳಾಸಗಳು. ಅವು ಸಾಲದ್ದರಿಂದ ಕಂಪನಿಗಳು ಎಷ್ಟೋ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಸಿಬಿಡುತ್ತವೆ.

“ಒಂದ ಅಗಸಿ, ಒಳಗ ನೂರು ಮನಿ ಇದ್ದಂಗ, ಅತ್ತಿ. ಒಳಗಿನವರು ಹೊರಗ ಹೋಗಿ ಬರಬಹುದು. ಹೊರಗಿನವ ಬಂದ್ರ ಅಗಸಿತನಕ ಬರ್ತಾನ. ನಮ್ಮ ಮನಿ ಯಾವುದಂತ ಅವಗ ಗೊತ್ತಾಗಂಗಿಲ್ಲ.”

ಎರಡು ರಾತ್ರಿ ಕೂತು ಅವನು ಒಳಗಿನಿಂದಲೇ ಒಂದು ಬೀಗ ಹಾಕಿದ ಹಾದಿ ಮಾಡಿದ. ನಾನು ಬಾಗಲಕೋಟೆಗೆ ಮರಳಿದ ಮೇಲೂ ನನ್ನ ಫೋನಿನಿಂದ ಇಳಕಲ್ಲಿನ ಪೆಟ್ಟಿಗೆ ತೆರೆಯುತ್ತಿತ್ತು.

“ಇಷ್ಟ್ಯಾಕ ಫಜೀತಿ? ಕಂಪನಿಯವರು ಪುಕ್ಕಟೆ ಇಟ್ಕೋತಾರಲ್ಲ,” ಎಂದೆ ಒಮ್ಮೆ.

“ನಿಮ್ಮ ಅಜ್ಜನ ಮನ್ಯಾಗ ಹಗೇವು ಯಾಕಿತ್ತು ಅತ್ತಿ? ಅಡತಿ ಅಂಗಡಿಯವರ ಗೋದಾಮಿನ್ಯಾಗ ಇಡಬಹುದಿತ್ತಲ್ಲ?” ಎಂದು ಅವನು ಮರುಪ್ರಶ್ನೆ ಹಾಕಿದ.

ಹಗೇವು ಎಂದರೆ ಈಗಿನ ಮಕ್ಕಳಿಗೆ ತಿಳಿಯಲಿಕ್ಕಿಲ್ಲ. ಹುನಗುಂದ ತಾಲೂಕಿನ ನಮ್ಮವ್ವನ ತವರಿನಲ್ಲಿ, ಅಂಗಳದ ನೆಲದೊಳಗೆ ಜೋಳ ತುಂಬಿಡುವ ಆಳವಾದ ಕುಣಿಯಿತ್ತು. ಒಳಗೆ ಹೊಟ್ಟೆ ದೊಡ್ಡದು, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು. ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗೆ ಎಷ್ಟು ಚೀಲವಿದೆಯೆಂಬುದು ಅಜ್ಜನಿಗೆ ಮತ್ತು ಅಜ್ಜಿಗೆ ಮಾತ್ರ ಗೊತ್ತು. ತೆಗೆದ ದಿನವೇ ಯಾರೂ ಇಳಿಯುವಂತಿರಲಿಲ್ಲ. ಬಾಯಿ ತೆರೆದಿಟ್ಟು, ಕೆಟ್ಟ ಗಾಳಿ ಹೋದ ಮೇಲೆ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಡುವರು. ದೀಪ ಆರಿದರೆ ಇನ್ನೂ ಉಸಿರಿಲ್ಲವೆಂದು ಅರ್ಥ.

ನಾನು ಸೋಲಲಿಲ್ಲ. “ಆದ್ರೂ ನಮ್ಮ ಹತ್ರ ಮುಚ್ಚಿಡುವಂಥಾದ್ದು ಏನೈತಿ? ನಾವೇನು ಕಳ್ಳರಾ?” ಎಂದೆ.

“ಹಗೇವಿನ್ಯಾಗ ಕದ್ದ ಜ್ವಾಳ ಇತ್ತೇನ ಅತ್ತಿ? ಮತ್ಯಾಕ ಬಾಯಿ ಮುಚ್ಚಿದ್ರು?”

ನಾನು ಸುಮ್ಮನಾದೆ. 1972ರ ಬರದಲ್ಲಿ ಅಜ್ಜ ಆ ಹಗೇವಿನ ಬಾಯಿ ತೆಗೆಸಿ ಇಡೀ ಓಣಿಗೆ ಜೋಳ ಅಳೆದು ಕೊಟ್ಟದ್ದನ್ನು ಅವ್ವ ಇವತ್ತಿಗೂ ಹೇಳುತ್ತಾಳೆ. ಮುಚ್ಚಿಟ್ಟವನೇ ತೆಗೆದು ಕೊಟ್ಟ. ಬಾಯಿ ನಮ್ಮ ಅಂಗಳದಲ್ಲಿತ್ತು, ಅದಕ್ಕೇ ಯಾವಾಗ, ಯಾರಿಗೆ, ಎಷ್ಟು ಎಂಬ ತೀರ್ಮಾನವೂ ನಮ್ಮದಾಗಿತ್ತು.

ಅದಕ್ಕೂ ಹಿಂದೆ ನಾನು ಕೆಲವು ವರ್ಷ ಬಾದಾಮಿಯಲ್ಲಿ ಕಲಿಸಿದವಳು. ಪ್ರತಿವರ್ಷ ಮಕ್ಕಳನ್ನು ಕೋಟೆಯ ಬಂಡೆಯ ಕಡೆ ಕರೆದೊಯ್ದು ಒಂದನೆಯ ಪುಲಕೇಶಿಯ ಶಾಸನದ ಕಥೆ ಹೇಳುತ್ತಿದ್ದೆ. ಶಕವರ್ಷ 465, ಎಂದರೆ ಕ್ರಿ.ಶ. 543. ಇಷ್ಟು ಶತಮಾನಗಳ ಮೇಲೂ ಅಕ್ಷರ ಉಳಿದಿವೆ ನೋಡಿ ಎಂದು ಹೆಮ್ಮೆಪಡುತ್ತಿದ್ದೆ. ಅರಸ ಅದನ್ನು ಬರೆಸಿದ್ದು ಲೋಕವೆಲ್ಲ ಓದಲಿ ಎಂದೇ. ಆದರೆ ಅದೇ ಬಾದಾಮಿಯ ಮನೆಗಳಲ್ಲಿ ಆಗ ಯಾರಿಗೆ ಎಷ್ಟು ಸಾಲವಿತ್ತು, ಯಾವ ಹುಡುಗಿಗೆ ಎಷ್ಟು ವಯಸ್ಸಾಗಿತ್ತು ಎಂಬುದನ್ನು ಯಾರೂ ಬಂಡೆಗೆ ಬರೆಯಲಿಲ್ಲ. ಬಂಡೆಯ ಮಾತು ಬೇರೆ, ಹಗೇವಿನ ಮಾತು ಬೇರೆ. ಈ ಎರಡರ ಭೇದ ನನಗೆ ಗೊತ್ತಿದೆಯೆಂದೇ ನಾನು ತಿಳಿದಿದ್ದೆ.

ತರಗತಿಯಲ್ಲಿ ಪಾಠವನ್ನೂ ಮಾಡಿದ್ದೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. “ಸಂವಿಧಾನದ 21ನೆಯ ವಿಧಿ, ಬರೆದುಕೊಳ್ಳಿರಿ,” ಎಂದು ಕರಿಹಲಗೆಯ ಮೇಲೆ ಗೆರೆ ಎಳೆದು ಹೇಳಿದವಳು ನಾನೇ.

ಇನ್ನು ನನ್ನ ತಪ್ಪಿನ ಕಥೆ. 2022ರ ಜುಲೈ. ಹುನಗುಂದ ತಾಲೂಕಿನ ಶಾಲೆಯೊಂದರಲ್ಲಿ ನಾನು ಒಂಬತ್ತನೆಯ ತರಗತಿಯ ಶಿಕ್ಷಕಿ. ವಿದ್ಯಾರ್ಥಿವೇತನಕ್ಕೆ ಮಕ್ಕಳ ವಿವರ ತುಂಬಲು ಮರುದಿನವೇ ಕೊನೆಯ ದಿನ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಹುಟ್ಟಿದ ತಾರೀಖು ಇವುಗಳಲ್ಲಿ ಒಂದಂಕಿ ತಪ್ಪಿದರೂ ದುಡ್ಡು ಬರುವುದಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ರಿಜಿಸ್ಟರಿನ ಪುಟಗಳ ಫೋಟೋ ತೆಗೆದು ಪಾಲಕರ ವಾಟ್ಸಾಪ್ ಗ್ರೂಪಿಗೆ ಹಾಕಿ, “ತಪ್ಪಿದ್ದರೆ ಇಂದೇ ತಿಳಿಸಿರಿ” ಎಂದು ಬರೆದೆ. ನಲವತ್ತೆರಡು ಹೆಣ್ಣುಮಕ್ಕಳ ಹೆಸರು, ಊರು, ತಂದೆಯ ಹೆಸರು, ಫೋನು, ಎಲ್ಲವೂ ಆ ಪುಟಗಳಲ್ಲಿದ್ದವು. ಗ್ರೂಪಿನಲ್ಲಿ ಎಂಬತ್ತು ಮಂದಿ. ಆರು ಜನ ತಪ್ಪು ತಿದ್ದಿ ಕಳಿಸಿದರು. ಕೆಲಸವಾಯಿತೆಂದು ನಾನು ನೆಮ್ಮದಿಯಿಂದ ಬಸ್ಸಿನಲ್ಲಿ ತೂಕಡಿಸಿದೆ.

ಹದಿನೈದು ದಿನಗಳ ಮೇಲೆ ಒಬ್ಬ ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಐದನೆಯ ದಿನ ನಾನು ಅವಳ ಮನೆಗೆ ಹೋದೆ. ತಂದೆ ಗ್ರಾನೈಟ್ ಕಣಿಯಲ್ಲಿ ದುಡಿಯುವವ. ಹುಡುಗಿ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಯಾವನೋ ದಿನಾ ಮನೆಯ ಫೋನಿಗೆ ಕರೆ ಮಾಡಿ ಅವಳ ಹೆಸರು ಹಿಡಿದು ಕೇಳುತ್ತಿದ್ದನಂತೆ. ತಾಯಿ ಮಗಳನ್ನು ಹೊಡೆದಿದ್ದಳು. ಸೋದರಮಾವನ ಮಗನ ಜೊತೆ ಮದುವೆಯ ಮಾತೂ ಎದ್ದಿತ್ತು.

“ಇಕಿನ ಹೇಳ್ಯಾಳರಿ ಅಕ್ಕೋರ. ಇಲ್ಲಂದ್ರ ಇಕಿ ಹುಟ್ಟಿದ ತಾರೀಖ ಅವಗ ಹೆಂಗ ಗೊತ್ತಾತು?” ಎಂದ ತಂದೆ.

ಆ ಕ್ಷಣಕ್ಕೆ ನನಗೆ ರಿಜಿಸ್ಟರಿನ ಪುಟ ಕಣ್ಣ ಮುಂದೆ ಬಂತು. ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿರಬೇಕೆಂದು ಒಂದು ಗಳಿಗೆ ಮನಸ್ಸೂ ಆಯಿತೆಂಬುದನ್ನು ಮುಚ್ಚಿಡುವುದಿಲ್ಲ. ಆಮೇಲೆ ಫೋನು ತೆಗೆದು ನಾನು ಕಳಿಸಿದ ಫೋಟೋ ತೋರಿಸಿದೆ. ಹುಡುಗಿಯದೇನೂ ತಪ್ಪಿಲ್ಲ, ಹೇಳಿದವಳು ನಾನು ಎಂದೆ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಕೊನೆಗೆ ಹೇಳಿದ: “ಅಕ್ಕೋರ, ಸಾಲ್ಯಾಗ ಏನ ಕೇಳಿದ್ರೂ ಬರದ ಕೊಟ್ಟೀವಿ. ಯಾಕಂತ ಒಮ್ಮೆನೂ ಕೇಳಿಲ್ಲ.”

ಮರುದಿನ ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಆ ತಂದೆಯೊಡನೆ ಠಾಣೆಗೆ ಹೋಗಿ ಅರ್ಜಿ ಕೊಟ್ಟೆವು. ಕರೆಗಳು ನಿಂತವು. ಪಾಲಕರ ಸಭೆಯಲ್ಲಿ ಎದ್ದು ನಿಂತು ಉಳಿದ ನಲವತ್ತೊಂದು ಮನೆಯವರ ಮುಂದೆಯೂ ತಪ್ಪೊಪ್ಪಿಕೊಂಡೆ. ಮದುವೆಯ ಮಾತು ಬಿಡಿಸಲು ಮತ್ತೆರಡು ಸಲ ಆ ಮನೆಗೆ ಹೋದೆ. ಹತ್ತೊಂಬತ್ತು ದಿನ ತಪ್ಪಿಸಿಕೊಂಡ ಮೇಲೆ ಹುಡುಗಿ ಶಾಲೆಗೆ ಬಂದಳು.

ಆ ವಾರ ಇಳಕಲ್ಲಿಗೆ ಹೋದಾಗ ಹುಡುಗನ ಮುಂದೆ ಎಲ್ಲ ಹೇಳಿದೆ. ಯಾರೋ ದಾರಿಯಲ್ಲಿ ಕದ್ದಿರಬೇಕು ಎಂಬ ಆಸೆ ಇನ್ನೂ ನನ್ನೊಳಗಿತ್ತು.

“ದಾರ್ಯಾಗ ಯಾರೂ ಕದ್ದಿಲ್ಲತ್ತಿ. ಅದು ಬೀಗ ಹಾಕ್ಕೊಂಡ ಹೋಗ್ತೈತಿ. ಆದ್ರ ಎಂಬತ್ತು ಮಂದಿ ಕೈಯಾಗೂ ಕೀಲಿ ಇತ್ತಲ್ಲ. ನೀನ ಕೊಟ್ಟಿ,” ಎಂದ. ಮೆಲ್ಲಗೇ ಹೇಳಿದ, ಪಾಪ.

ನಾನು ಅಳಿಸಿದ್ದು ನನ್ನ ಫೋನಿನದನ್ನು ಮಾತ್ರ. ಎಂಬತ್ತು ಫೋನುಗಳಲ್ಲಿ ಇಳಿದದ್ದು ಎಲ್ಲೆಲ್ಲಿ ಉಳಿದಿತ್ತೋ. ಇನ್ನೊಂದು ಸಂಗತಿ ಅವನು ಪೆಟ್ಟಿಗೆ ತೆರೆದಾಗ ಬಯಲಾಯಿತು. ರಿಜಿಸ್ಟರಿನ ಆ ಫೋಟೋಗಳು ಅಲ್ಲಿಯೂ ಇದ್ದವು! ನನ್ನ ಫೋನಿನಿಂದ ಸಂಜೆ ತಾವಾಗಿಯೇ ಬಂದು, ಅವ್ವನ ಫೋಟೋ ಮತ್ತು ತಮ್ಮ ನೇಯ್ದ ಸೀರೆಗಳ ನಡುವೆ ಶಿಸ್ತಾಗಿ ಕೂತಿದ್ದವು. ನಾವು ಇಷ್ಟು ಜೋಪಾನದಿಂದ ಕಟ್ಟಿದ ಹಗೇವಿನಲ್ಲಿ ನಲವತ್ತೆರಡು ಮನೆಗಳ ಜೋಳ ಅವರಿಗೆ ಗೊತ್ತಿಲ್ಲದೆ ತುಂಬಿತ್ತು. ಇಬ್ಬರೂ ಕೂತು ಒಂದೊಂದನ್ನೇ ತೆಗೆದೆವು.

ಹುಡುಗನ ಮಾತು ಸುಳ್ಳಲ್ಲ. ತನ್ನದು ತನ್ನ ಮನೆಯಲ್ಲಿರಲಿ ಎನ್ನುವವರು ಇನ್ನೂ ಹೆಚ್ಚಲಿ. ಅದರ ಕಷ್ಟವನ್ನೂ ಅವನು ಮುಚ್ಚಿಡುವುದಿಲ್ಲ. ಡಿಸ್ಕ್ ಒಂದು ದಿನ ಸತ್ತೇ ಸಾಯುತ್ತದೆ, ಆದ್ದರಿಂದ ಮೂರು ಪ್ರತಿ ಇರಬೇಕು, ಅವು ಎರಡು ಬಗೆಯ ಸಾಧನದಲ್ಲಿರಬೇಕು, ಒಂದು ಬೇರೆ ಊರಿನಲ್ಲಿರಬೇಕು ಎಂಬುದು ಅವನ ಲೆಕ್ಕ. ನಮ್ಮ ಮೂರನೆಯ ಪ್ರತಿ ನವನಗರದ ನನ್ನ ಟ್ರಂಕಿನಲ್ಲಿದೆ. ಆದರೆ ನಾನು ಕಲಿತದ್ದು ಇನ್ನೊಂದು. ಖಾಸಗಿತನವೆಂದರೆ ನನ್ನದನ್ನು ನಾನು ಕಾಯುವುದು ಎಂದೇ ತಿಳಿದಿದ್ದೆ. ನಾನು ಶಿಕ್ಷಕಿ; ನನ್ನ ಕೈಯಲ್ಲಿರುವುದರಲ್ಲಿ ನನ್ನದು ಕಡಿಮೆ, ಬೇರೆಯವರದೇ ಹೆಚ್ಚು. ಪೆಟ್ಟಿಗೆಯನ್ನು ಎಲ್ಲಿಟ್ಟರೂ ಬಾಯಿ ಮುಚ್ಚಬೇಕಾದವಳು ನಾನೇ.

ಆಧಾರ್ ಸಂಖ್ಯೆಯನ್ನು ಬಹಿರಂಗಪಡಿಸಬಾರದೆಂದು 2016ರ ಕಾಯ್ದೆಯಲ್ಲೇ ಇದೆ. ಹದಿನೆಂಟು ತುಂಬದವರ ವಿವರ ಬಳಸಲು ಪಾಲಕರ ಒಪ್ಪಿಗೆ ಬೇಕೆಂದು 2023ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆಯೂ ಹೇಳುತ್ತದೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಈಗ ನಾನು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಅವರವರ ಸಾಲು ಮಾತ್ರ ತೋರಿಸಿ ತಿದ್ದಿಸುತ್ತೇನೆ. ಎರಡು ದಿನ ಹಿಡಿಯುತ್ತದೆ. ಹಿಡಿಯಲಿ. ಏನನ್ನಾದರೂ ಕಳಿಸುವ ಮುನ್ನ ಒಂದು ಗಳಿಗೆ ಬೆರಳು ತಡೆಯುತ್ತೇನೆ. ಅದು ನನ್ನ ಕಂದೀಲು.

ಮರುವರ್ಷ ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವಾಗ ಆ ಹುಡುಗಿ ನನ್ನ ಮೇಜಿನ ಬಳಿ ಬಂದಳು. ಫೋನ್ ಸಂಖ್ಯೆಯ ಸಾಲಿಗೆ ಬಂದಾಗ, ಪರೀಕ್ಷೆಯಲ್ಲಿ ಪಕ್ಕದವರು ನೋಡಬಾರದೆಂದು ಹಿಡಿಯುತ್ತಾರಲ್ಲ, ಹಾಗೆ ಎಡಗೈ ಅಡ್ಡ ಹಿಡಿದು ಬರೆಯತೊಡಗಿದಳು. ಬರೆದದ್ದು ನನ್ನ ಕೈಗೇ ಬರಬೇಕಾದ ಅರ್ಜಿ. ನನ್ನ ಮುಂದೆ ಮುಚ್ಚಿ ಏನು ಪ್ರಯೋಜನ? ಆದರೂ ನಾನು ಏನೂ ಅನ್ನಲಿಲ್ಲ. ಅವಳು ಬರೆದು ಮುಗಿಸುವವರೆಗೆ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತೆ.