ಗರಿ ಕಳೆದುಕೊಂಡ ಕೋಳಿ

'ಆಸೆ ಗರಿಗೆದರಿತು' ಎಂಬ ಮಾತನ್ನು, ವಿದ್ಯಾರ್ಥಿಗಳೇ, ನೀವು ಪಾಠಗಳಲ್ಲಿ ಓದಿದ್ದೀರಿ. ಗರಿಗೆದರುವುದೆಂದರೆ ಏನೆಂದು ತಿಳಿಯಬೇಕಾದರೆ ಚಳಿಗಾಲದ ಮುಂಜಾನೆ ಬೇಲಿಯ ಮೇಲೆ ಕುಳಿತ ಹಕ್ಕಿಯನ್ನು ನೋಡಬೇಕು. ಚಳಿಯಾದಾಗ ಅದು ಗರಿಗಳನ್ನು ಕೆದರಿ ಉಬ್ಬಿ ಕೂರುತ್ತದೆ. ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಶಾಖವನ್ನು ಹೊರಗೆ ಹೋಗಗೊಡುವುದಿಲ್ಲ. ನಮ್ಮ ಮೈಶಾಖ 37 ಡಿಗ್ರಿ ಸೆಲ್ಸಿಯಸ್ ಆದರೆ ಕೋಳಿಯದು ಸುಮಾರು 41. ಅಷ್ಟು ಶಾಖವನ್ನು ಕಾಯುವ ಕಂಬಳಿಯೇ ಗರಿ. ಆ ಕಂಬಳಿಯನ್ನೇ ಕಳೆದುಕೊಂಡ ಕೋಳಿಯ ಪಾಡೇನು?

2022ರ ಡಿಸೆಂಬರಿನಲ್ಲಿ ಈ ಪ್ರಶ್ನೆ ನಮ್ಮ ಮನೆಗೇ ಬಂದಿತು. ಸತ್ಯಮಂಗಲದಿಂದ ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ಬಂದವರಿಗೆ ನಮ್ಮ ತಾಳವಾಡಿ ಸೀಮೆಯ ಧನುರ್ಮಾಸದ ಚಳಿಯನ್ನು ಬಣ್ಣಿಸಬೇಕಾಗಿಲ್ಲ. ಆ ದಿನಗಳಲ್ಲಿ ಒಂದು ಸಂಜೆ ಮುಂಗುಸಿಯೊಂದು ನಮ್ಮ ಕೆಂಪು ಹೇಂಟೆಯನ್ನು ಹಿಡಿಯಿತು. ಮಕ್ಕಳು ಕೂಗಿ ಬಿಡಿಸಿದರು. ಬೆನ್ನಿನ ಮೇಲೆ ಅಂಗೈಯಗಲ ಗರಿ ಕಿತ್ತುಹೋಗಿ, ಚರ್ಮ ಸೀಳಿತ್ತು.

"ಇದು ಉಳಿಯೋ ಜೀವ ಅಲ್ಲ ಕಣಪ್ಪ. ಸಾಯೋಕೆ ಮುಂಚೆ ಸಾರು ಮಾಡಿಬಿಡಿ" ಎಂದಳು ಅವ್ವ. ಅದು ಬಡತನ ಕಂಡ ಹಿರಿಯರ ಮಾತು, ಅದರಲ್ಲಿ ಕ್ರೌರ್ಯವಿರಲಿಲ್ಲ.

"ಒಂದು ವಾರ ನೋಡೋಣ ಅಜ್ಜಿ" ಎಂದರು ಮಕ್ಕಳು. ಅವ್ವ ಒಂದು ವಾರದ ಗಡುವು ಕೊಟ್ಟಳು.

ಉಗುರು ಬೆಚ್ಚಗಿನ ಉಪ್ಪುನೀರಿನಿಂದ ಗಾಯ ತೊಳೆದು, ಬಟ್ಟೆಯಿಂದ ಒತ್ತಿ ಒಣಗಿಸಿ, ಪಶುವೈದ್ಯರು ಕೊಟ್ಟ ಮುಲಾಮು ಹಚ್ಚಿದೆವು. ರಕ್ತ ಕಂಡರೆ ಉಳಿದ ಕೋಳಿಗಳು ಅಲ್ಲಿಗೇ ಕುಕ್ಕುತ್ತವೆ; ಆದ್ದರಿಂದ ಅದನ್ನು ಬೇರೆಯಿರಿಸಿದೆವು. ಪಡಸಾಲೆಯ ಮೂಲೆಯಲ್ಲಿ, ಒಲೆಯ ಹೊಗೆ ತಾಕದ ಕಡೆ, ಒಣಹುಲ್ಲು ದಪ್ಪನಾಗಿ ಹಾಸಿ ಬಿದಿರಿನ ಮಂಕರಿಯನ್ನು ಕವುಚಿದೆವು. ರಾತ್ರಿ ಮೂರು ಮಗ್ಗುಲಿಗೆ ಗೋಣಿಚೀಲ ಹೊದಿಸಿ ಒಂದು ಮಗ್ಗುಲನ್ನು ಗಾಳಿಗೆ ಬಿಟ್ಟೆವು. ಪೂರಾ ಮುಚ್ಚಿದರೆ ಉಸಿರಿನ ತೇವವೂ ಹಿಕ್ಕೆಯ ಘಾಟೂ ಒಳಗೇ ನಿಲ್ಲುತ್ತವೆ. ಒಣ ಚಳಿಗಿಂತ ತೇವದ ಚಳಿ ಹೆಚ್ಚು ಕೇಡು. ಒದ್ದೆಯಾದ ಹುಲ್ಲನ್ನು ದಿನವೂ ಬದಲಿಸುವುದು ಮಕ್ಕಳ ಪಾಲಿನ ಕೆಲಸವಾಯಿತು.

ಎರಡು ದಿನ ಅದು ಕಾಳು ಮುಟ್ಟಲಿಲ್ಲ. ಮೂರನೆಯ ದಿನ, ಬೆಚ್ಚನೆಯ ನೀರಿನಲ್ಲಿ ಕಲಸಿದ ರಾಗಿ ಹಿಟ್ಟನ್ನು ಎರಡು ಸಲ ಕುಕ್ಕಿತು. ಮಗಳು ಓಡಿಹೋಗಿ ಅಜ್ಜಿಗೆ ಹೇಳಿದಳು. ಗರಿಯ ಬಹುಪಾಲು ಪ್ರೋಟೀನು. ಅದು ಮತ್ತೆ ಹುಟ್ಟಬೇಕಾದರೆ ರಾಗಿಯೊಂದೇ ಸಾಲದು. ಕಡಲೆಕಾಯಿ ಹಿಂಡಿ, ಬೇಯಿಸಿದ ಮೊಟ್ಟೆ, ಹೊಲದ ಗೆದ್ದಲು ಕೊಟ್ಟೆವು. ಸಂಜೆಗೆ ಮುಸುಕಿನ ಜೋಳದ ನುಚ್ಚು. ರಾತ್ರಿ ಅರಗುವ ಕಾಳು ಮೈಗೆ ಶಾಖ ಕೊಡುತ್ತದೆ. ಬಿಸಿಲೇರಿದ ಮೇಲೆ ಅಂಗಳದಲ್ಲಿ ಬಿಸಿಲು ಕಾಯಿಸಿದೆವು.

ಏಳನೆಯ ದಿನ ಗಡುವು ಮುಗಿಯಿತು. ಅವ್ವ ಆ ಮಾತೆತ್ತಲಿಲ್ಲ. ಹಿಂಡಿಯ ಪುಡಿಯನ್ನು ಸೆರಗಿನಲ್ಲಿ ತಂದು ಮಂಕರಿಯ ಮುಂದೆ ಉದುರಿಸಿದಳು.

ಕೆಲವು ವಾರಗಳಲ್ಲಿ ಬೆನ್ನಿನ ಮೇಲೆ ಮುಳ್ಳಿನಂಥ ಎಳೆಗರಿಗಳು ಮೂಡಿದವು. ಅವುಗಳೊಳಗೆ ರಕ್ತ ಹರಿಯುತ್ತಿರುತ್ತದೆ, ಮುಟ್ಟಿದರೆ ನೋವು. ಹಾಗಾಗಿ ಎತ್ತುವುದನ್ನು ಕಡಿಮೆ ಮಾಡಿದೆವು. ಬುಡಸಹಿತ ಕಿತ್ತುಹೋದ ಗರಿ ಬೇಗ ಹುಟ್ಟುತ್ತದೆ. ನಡುವೆ ಮುರಿದದ್ದು ಮಾತ್ರ ಕೋಳಿ ಗರಿ ಬದಲಿಸುವ ಕಾಲದವರೆಗೆ ಕಾಯಬೇಕು.

ಮೈ ಮುಚ್ಚಿದ ಮೇಲೂ ಒಂದು ಕೆಲಸ ಉಳಿದಿತ್ತು. ಬಹಳ ದಿನ ಬೇರೆಯಿದ್ದ ಕೋಳಿಯನ್ನು ಹಿಂಡು ಹೊಸದೆಂದೇ ತಿಳಿದು ಕುಕ್ಕಿ ಅಟ್ಟುತ್ತದೆ. 2023ರ ಫೆಬ್ರವರಿಯಲ್ಲಿ ಒಂದು ವಾರ ಹಗಲೆಲ್ಲ ಮಂಕರಿಯನ್ನು ಉಳಿದ ಕೋಳಿಗಳ ನಡುವೆ ಇಟ್ಟು, ಪರಸ್ಪರ ನೋಡಲು ಬಿಟ್ಟೆವು. ಆಮೇಲೆ ಒಂದು ದಿನ ಕತ್ತಲಾದ ಮೇಲೆ ಗೂಡಿಗೆ ಸೇರಿಸಿದೆವು. ಬೆಳಗ್ಗೆ ಒಂದೆರಡು ಕುಕ್ಕು ಬಿದ್ದವು, ಅಷ್ಟೇ. ಮಧ್ಯಾಹ್ನ ಎಲ್ಲವೂ ಒಂದೇ ತಿಪ್ಪೆ ಕೆದಕುತ್ತಿದ್ದವು.

ಕಾಯಿಲೆಯಿಂದ ತಿಂಗಳುಗಟ್ಟಲೆ ಶಾಲೆ ತಪ್ಪಿದ ಮಕ್ಕಳನ್ನು ನಾವು ಶಿಕ್ಷಕರು ವರ್ಷವೂ ನೋಡುತ್ತೇವೆ. ಮನೆಯಲ್ಲಿ ಬೆಚ್ಚಗಿಟ್ಟು ಗುಣಪಡಿಸುವುದು ತಂದೆತಾಯಿಗಳು ಮಾಡಬಲ್ಲ ಕೆಲಸ. ಹಿಂಡಿಗೆ ಸೇರಿಸಿಕೊಳ್ಳುವುದು ಹಿಂಡಿನದೇ ಕೆಲಸ. ವಿದ್ಯಾರ್ಥಿಗಳೇ, ಅಂಥ ಗೆಳೆಯನೋ ಗೆಳತಿಯೋ ತರಗತಿಗೆ ಮರಳಿ ಬಂದ ದಿನ, ಬೆಂಚಿನಲ್ಲಿ ಸ್ವಲ್ಪ ಸರಿದು ಕುಳಿತು ಜಾಗ ಕೊಡಿ. ತಪ್ಪಿದ ಪಾಠದ ನೋಟ್ಸನ್ನು ಅವರು ಕೇಳುವ ಮೊದಲೇ ಕೊಡಿ.